ಶ್ಟೋರ್ಟ್ಸ್ ಬೊಟೊಂಡ್: ನಾಲ್ವರ ದೋಣಿಯಿಂದ ಕಪಿತಾನ್ ಕುರ್ಚಿಗೆ

ಹರಿಗೋಲು
ಹಂಗೆರಿಯ ಕಯಾಕ್ ಚಾಂಪಿಯನ್ ಕೊಜಾಕ್ ದನುತಾ ಬಗ್ಗೆ ಮಾತು ಬಂದಾಗಲೆಲ್ಲ ಆಕೆಯ ತಂಡವನ್ನು ನಡೆಸಿದ ಶ್ಟೋರ್ಟ್ಸ್ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಆ ಮನುಷ್ಯನಿಗೇ ಒಂದು ಚರ್ಚೆಯ ಎಳೆ ಇರಲಿ. ಹೆಸರಿನ ಗೊಂದಲ ಮೊದಲು ಮುಗಿಸೋಣ: ಹಂಗೆರಿಯವರು ಮನೆತನದ ಹೆಸರನ್ನು ಮುಂದಿಡುತ್ತಾರೆ. ಹಾಗಾಗಿ ಅವರ ಪಟ್ಟಿಗಳಲ್ಲಿ ಶ್ಟೋರ್ಟ್ಸ್ ಬೊಟೊಂಡ್, ಹೊರಗಿನ ಪಟ್ಟಿಗಳಲ್ಲಿ ಬೊಟೊಂಡ್ ಶ್ಟೋರ್ಟ್ಸ್. ಇಬ್ಬರಲ್ಲ, ಒಬ್ಬರೇ.

ಹುಟ್ಟಿದ್ದು 1975ರಲ್ಲಿ, ಬುಡಾಪೆಸ್ಟ್. ಒಲಿಂಪಿಕ್ ಚಿನ್ನ ಮೂರು. 2000ರ ಸಿಡ್ನಿಯಲ್ಲಿ ಕೆ-4 1000 ಮೀಟರ್ (ಕೆ ಅಂದರೆ ಕಯಾಕ್, ಕೂತು ಎರಡೂ ಬದಿ ಎಳೆಯುವ ದೋಣಿ; ಅಂಕಿ ಅಂದರೆ ಎಳೆಯುವವರ ಸಂಖ್ಯೆ) ಮತ್ತು ಕೆ-2 500 ಮೀಟರ್, 2004ರ ಅಥೆನ್ಸ್‌ನಲ್ಲಿ ಮತ್ತೆ ಕೆ-4 1000. ಜೋಡಿ ದೋಣಿಯಲ್ಲಿ ಜೊತೆಗಿದ್ದವರು ಕಮ್ಮೆರೆರ್ ಜೋಲ್ಟಾನ್. ನಾಲ್ವರ ದೋಣಿಯಲ್ಲಿ ಇವರಿಬ್ಬರ ಜೊತೆ ವೆರೆಟ್ಸ್ಕೆಯ್ ಆಕೋಶ್, ಹೋರ್ವಾತ್ ಗಾಬೋರ್. ನಾಲ್ಕು ವರ್ಷ ಬಿಟ್ಟು ಅದೇ ನಾಲ್ವರು ಅದೇ ಚಿನ್ನವನ್ನು ಉಳಿಸಿಕೊಂಡರು, ಎರಡೂ ಸಲ ಬೆಳ್ಳಿಗೆ ತಳ್ಳಿದ್ದು ಜರ್ಮನಿಯನ್ನೇ. ಹುಟ್ಟು (ಪ್ಯಾಡಲ್) ಕೆಳಗಿಟ್ಟ ಮೇಲೆ ರಾಷ್ಟ್ರೀಯ ತಂಡದ ಮುಖ್ಯಸ್ಥರಾದರು. ಬೀಜಿಂಗ್, ಲಂಡನ್, ರಿಯೊ ಮೂರೂ ಅವರ ಲೆಕ್ಕದಲ್ಲೇ.

ನನ್ನ ಪ್ರಶ್ನೆ ಇಷ್ಟೇ: ದೋಣಿಯೊಳಗೆ ಕಲಿತದ್ದರಲ್ಲಿ ಯಾವುದು ದಡದ ಮೇಲೆ ಕೆಲಸಕ್ಕೆ ಬಂತು?

ನೀರ್ಕಾಗೆ
ಸಿಡ್ನಿಯ ಕೆ-2 500 ಸಮಯ ನೋಡಿದವರು ಮೊದಲು ತಪ್ಪು ಮುದ್ರಣ ಅಂದುಕೊಳ್ಳುತ್ತಾರೆ. ಗೆದ್ದವರದ್ದು 1 ನಿಮಿಷ 47 ಸೆಕೆಂಡ್. ನೀರು ಸಮವಾಗಿದ್ದರೆ ಆ ಮಟ್ಟದ ಗಂಡಸರ ಜೋಡಿ ಒಂದೂವರೆ ನಿಮಿಷದ ಒಳಗೇ ಮುಗಿಸುತ್ತದೆ. ಉಳಿದದ್ದೆಲ್ಲ ಎದುರುಗಾಳಿ ತಿಂದದ್ದು. ಸ್ಪರ್ಧೆ ನಡೆದ ಪೆನ್ರಿತ್‌ನಲ್ಲಿ ಆ ಕೊನೆಯ ದಿನ, 1 ಅಕ್ಟೋಬರ್, ಗಾಳಿ ಹಾಗಿತ್ತು. ಒಂಟಿ ದೋಣಿಯ 500 ಗೆದ್ದ ನಾರ್ವೆಯ ಹೋಲ್ಮನ್‌ಗೂ 1:57 ಹಿಡಿಯಿತು.

ಇದರ ಅರ್ಥ ಬಿಡಿಸಿ ಹೇಳಬೇಕು. ಸ್ಪರ್ಧೆ ಇಪ್ಪತ್ತು ಸೆಕೆಂಡ್ ಉದ್ದವಾದರೆ ಅದು ಬೇರೆಯದೇ ಸ್ಪರ್ಧೆ. 500ಕ್ಕೆ ಅಂತ ಕಟ್ಟಿಕೊಂಡ ವೇಗದ ಲೆಕ್ಕ ಕೆಡುತ್ತದೆ, ಮೊದಲ 150 ಮೀಟರ್‌ನಲ್ಲಿ ಎಂದಿನಂತೆ ಎಳೆದವರು 350ರಲ್ಲಿ ಸಾಯುತ್ತಾರೆ. ಎದುರುಗಾಳಿಯಲ್ಲಿ ಮಾಡುವುದು ಎರಡು: ಉದ್ದ ಹೊಂದಿಸಬಲ್ಲ ಹುಟ್ಟಾದರೆ ಅದನ್ನು ಅರ್ಧದಿಂದ ಒಂದು ಸೆಂಟಿಮೀಟರ್ ಕಡಿಮೆ ಮಾಡುವುದು (ಸೈಕಲ್‌ನಲ್ಲಿ ಏರಿಗೆ ಗೇರ್ ಇಳಿಸಿದ ಹಾಗೆ), ಮತ್ತು ಹುಟ್ಟಿನ ಎಲೆ ಗಾಳಿಯಲ್ಲಿರುವ ಹೊತ್ತನ್ನು ಕಡಿಮೆ ಮಾಡುವುದು. ಎಲೆ ಮೇಲಿದ್ದಷ್ಟು ಹೊತ್ತು ದೋಣಿ ನಿಲ್ಲುತ್ತಿರುತ್ತದೆ.

ಹಿಂದಿನ ದಿನವಷ್ಟೇ ಶ್ಟೋರ್ಟ್ಸ್, ಕಮ್ಮೆರೆರ್ ಇಬ್ಬರೂ ಕೆ-4 1000 ಫೈನಲ್ ಎಳೆದಿದ್ದರು. ಇಪ್ಪತ್ತನಾಲ್ಕು ಗಂಟೆಯ ಅಂತರದಲ್ಲಿ ಎರಡನೇ ಚಿನ್ನ.

ದಂಡೆಮೇಲೆ
ಅಂದರೆ ಕೊಜಾಕ್‌ಗೆ ದಿನಾ ತರಬೇತಿ ಕೊಟ್ಟಿದ್ದೂ ಇವರೇ ತಾನೆ?

ಒಂಬತ್ತನೇ ಲೇನ್
ಅಲ್ಲ. ಎಲ್ಲರೂ ಎಡವುವುದು ಇಲ್ಲೇ. ಅವರ ಹುದ್ದೆಯ ಹೆಸರು ಸೊವೆತ್‌ಶೇಗಿ ಕಪಿತಾನ್, ಅಂದರೆ ಒಕ್ಕೂಟದ ಕಪ್ತಾನ. ದಿನನಿತ್ಯದ ತರಬೇತಿ ಕ್ಲಬ್ಬಿನ ಕೋಚ್‌ಗಳ ಕೈಯಲ್ಲಿ. ಒಬ್ಬೊಬ್ಬ ಕ್ರೀಡಾಪಟುವಿಗೂ ತನ್ನದೇ ಕ್ಲಬ್, ತನ್ನದೇ ಗುರು. ಕಪಿತಾನ್ ಕೆಲಸ ಬೇರೆ: ಆಯ್ಕೆ ಸ್ಪರ್ಧೆಯ ನಿಯಮ ಕಟ್ಟುವುದು, ಶಿಬಿರ ನಡೆಸುವುದು, ಯಾರು ಯಾವ ದೋಣಿಗೆ, ಯಾವ ಸೀಟಿಗೆ ಅಂತ ತೀರ್ಮಾನಿಸುವುದು, ಆಮೇಲೆ ಬೈಸಿಕೊಳ್ಳುವುದು. ಕಯಾಕ್ ಅಷ್ಟೇ ಅಲ್ಲ, ಮೊಣಕಾಲೂರಿ ಒಂದೇ ಬದಿ ಎಳೆಯುವ ಕನೂ ಕೂಡ ಅವರ ಕೈಕೆಳಗೆ.

ಹಂಗೆರಿಯಲ್ಲಿ ಆಯ್ಕೆ ಅಂದರೆ ನೀರಿನ ಮೇಲೆ, ಕಾಗದದ ಮೇಲಲ್ಲ. ಸಾಮಾನ್ಯವಾಗಿ ಎರಡು ಆಯ್ಕೆ ಸ್ಪರ್ಧೆ ಇರುತ್ತವೆ, ಹೆಚ್ಚಾಗಿ ಸೆಗೆದ್‌ನ ಮತ್ಯೇರ್ ಕಾಲುವೆಯಲ್ಲಿ. ಎರಡನ್ನೂ ಒಬ್ಬರೇ ಗೆದ್ದರೆ ಮಾತು ಮುಗಿಯಿತು. ಒಂದೊಂದು ಗೆದ್ದರೆ ಮೂರನೆಯ ಸ್ಪರ್ಧೆ. ಅದಕ್ಕೆ ಸೇತ್‌ಲೊವೇಶ್ ಅನ್ನುತ್ತಾರೆ, ಫುಟ್‌ಬಾಲ್‌ನ ಶೂಟೌಟ್ ಇದ್ದ ಹಾಗೆ. ವಿಶ್ವ ಚಾಂಪಿಯನ್ ಕೂಡ ಇದರಲ್ಲಿ ಸೋತು ಮನೆಗೆ ಹೋಗಬಹುದು. ಒಂಟಿ ದೋಣಿಗೆ ಇದು ಸರಳ. ಬಹುಜನರ ದೋಣಿಗೆ ಸರಳವಲ್ಲ. ನಿನ್ನೆ ಸೇತ್‌ಲೊವೇಶ್‌ನಲ್ಲಿ ಒಬ್ಬರನ್ನೊಬ್ಬರು ಸೋಲಿಸಿದವರನ್ನು ಇವತ್ತು ಹಿಂದೆ ಮುಂದೆ ಕೂರಿಸಬೇಕು. ಅವರ ಕ್ಲಬ್ ಕೋಚ್‌ಗಳಿಬ್ಬರೂ ಅದೇ ದಡದ ಮೇಲೆ ನಿಂತಿರುತ್ತಾರೆ.

ಹರಿಗೋಲು ಕೇಳಿದ್ದಕ್ಕೆ ನನ್ನ ಉತ್ತರ ಇದೇ. ಶ್ಟೋರ್ಟ್ಸ್ ಗೆದ್ದ ಮೂರು ಒಲಿಂಪಿಕ್ ಚಿನ್ನದಲ್ಲಿ ಒಂದೂ ಒಂಟಿ ದೋಣಿಯದ್ದಲ್ಲ. ಹಾಗಂತ ಅವರು ಒಂಟಿಯಲ್ಲಿ ಕಡಿಮೆಯವರಲ್ಲ, 1997ರಲ್ಲಿ ಕೆ-1 ವಿಶ್ವ ಚಾಂಪಿಯನ್. ಒಂಟಿಯಲ್ಲಿ ಗೆದ್ದವನಿಗೆ ನಾಲ್ವರಲ್ಲಿ ಒಬ್ಬನಾಗಿ ಕೂರುವುದು ಏನು ಅಂತ ಗೊತ್ತಿತ್ತು.

ಚುಕ್ಕಾಣಿ
ಒಂಬತ್ತನೇ ಲೇನ್ ಹೇಳಿದ್ದಕ್ಕೆ ಜೋಡಿಸುತ್ತೇನೆ. ಆ ನಾಲ್ವರಲ್ಲಿ ಒಂಟಿ ದೋಣಿಯ ದೊಡ್ಡ ವೇಗಗಾರ ವೆರೆಟ್ಸ್ಕೆಯ್. 1999 ಮತ್ತು 2001ರಲ್ಲಿ ಕೆ-1 500 ವಿಶ್ವ ಚಾಂಪಿಯನ್. ಆದರೂ ಮುಂದಿನ ಸೀಟು ಕಮ್ಮೆರೆರ್‌ದು. ಯಾಕೆ ಅಂತ ಅರ್ಥ ಮಾಡಿಕೊಂಡರೆ ಈ ಆಟ ಅರ್ಧ ಅರ್ಥವಾದ ಹಾಗೆ.

ಮೊದಲ ಸೀಟು: ಲಯ ಇವನದ್ದು, ಚುಕ್ಕಾಣಿಯೂ ಇವನ ಕಾಲಲ್ಲೇ. ಎರಡು ಪಾದಗಳ ನಡುವೆ ಒಂದು ಕಡ್ಡಿ, ಅದನ್ನು ಎಡಕ್ಕೋ ಬಲಕ್ಕೋ ತಳ್ಳಿದರೆ ದೋಣಿ ತಿರುಗುತ್ತದೆ. ಬೇಕಾದ್ದು ಗಡಿಯಾರದಂಥ ಎಳೆತ. ದಣಿದಾಗಲೂ ಎಳೆತದ ಉದ್ದ ಕುಗ್ಗಬಾರದು. ಸ್ಫೋಟಕ ವೇಗದವನನ್ನು ಇಲ್ಲಿ ಕೂರಿಸಿದರೆ ಅವನ ಲಯ ಮೇಲೆ ಕೆಳಗೆ ಆಗುತ್ತದೆ, ಹಿಂದಿನ ಮೂವರೂ ಅಟ್ಟಿಸಿಕೊಂಡು ಹೋಗುತ್ತಿರುತ್ತಾರೆ.

ಎರಡನೇ ಸೀಟು: ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವ ಸೀಟು. ಮುಂದಿನವನ ಲಯವನ್ನು ಹಿಡಿದು ಹಿಂದಕ್ಕೆ ದಾಟಿಸುವವನು ಇವನು. ಮೂರನೆಯವನಿಗೆ ಕಾಣುವುದು ಇವನ ಬೆನ್ನೇ ಹೊರತು ಮುಂದಿನವನದ್ದಲ್ಲ. ಇಲ್ಲಿ ನೂಲಿನಷ್ಟು ತಡವಾದರೆ ನಾಲ್ಕನೇ ಸೀಟಿಗೆ ಹೋಗುವ ಹೊತ್ತಿಗೆ ಅದು ಹಗ್ಗವಾಗಿರುತ್ತದೆ.

ಮೂರು, ನಾಲ್ಕು: ಎಂಜಿನ್. ಆದರೆ ಇವರಿಗೆ ಸಿಗುವುದು ಎಂಜಲು ನೀರು. ಮುಂದಿನ ಎಲೆಗಳು ಕಲಕಿ ಆಗಲೇ ಹಿಂದಕ್ಕೆ ಹರಿಯಹಚ್ಚಿದ ನೀರನ್ನು ಇವರು ಹಿಡಿಯಬೇಕು, ಕೈಗೆ ಹಗುರ ಅನ್ನಿಸುತ್ತದೆ. ಅದಕ್ಕೇ ಹಿಂದಿನ ಸೀಟಿನವರಿಗೆ ತುಸು ದೊಡ್ಡ ಎಲೆ ಕೊಡುವುದುಂಟು. ಮುಂದಿನವನ ಹುಟ್ಟನ್ನೇ ನಾಲ್ಕನೆಯವನಿಗೂ ಕೊಟ್ಟರೆ ಅವನು ಗೊತ್ತಿಲ್ಲದೆಯೇ ಬೇಗ ಬೇಗ ಎಳೆಯತೊಡಗುತ್ತಾನೆ.

ದಂಡೆಮೇಲೆ
ಸಮಯ ಹೊಂದುವುದು ಅಂತೀರಲ್ಲ, ಎಷ್ಟು ಹೊಂದಬೇಕು? ಕಣ್ಣಿಗೆ ಎಲ್ಲಾ ಕೆ-4 ಒಂದೇ ಥರ ಕಾಣುತ್ತೆ.

ಚುಕ್ಕಾಣಿ
ಲೆಕ್ಕ ಹಾಕಿ ನೋಡಿ. ಸಿಡ್ನಿಯಲ್ಲಿ ಆ ದೋಣಿ 1000 ಮೀಟರ್ ಮುಗಿಸಿದ್ದು ಸುಮಾರು 2:55ಕ್ಕೆ, ಅಂದರೆ ಸೆಕೆಂಡಿಗೆ 5.7 ಮೀಟರ್. ನಿಮಿಷಕ್ಕೆ 120 ಎಳೆತ ಅಂತಿಟ್ಟುಕೊಳ್ಳಿ (ಎಡ ಒಂದು, ಬಲ ಒಂದು ಅಂತ ಎಣಿಸಬೇಕು). ಒಂದು ಎಳೆತಕ್ಕೆ ಅರ್ಧ ಸೆಕೆಂಡ್, ಅಷ್ಟರಲ್ಲಿ ದೋಣಿ 2.85 ಮೀಟರ್ ಹೋಗುತ್ತದೆ. ಇಡೀ ಸ್ಪರ್ಧೆಗೆ 350 ಎಳೆತ. ಸೆಕೆಂಡಿಗೆ 50 ಚಿತ್ರ ತೆಗೆಯುವ ಕ್ಯಾಮರಾದಲ್ಲಿ ಒಂದು ಚಿತ್ರ ಅಂದರೆ 20 ಮಿಲಿಸೆಕೆಂಡ್. ಅಷ್ಟರಲ್ಲೇ ದೋಣಿ 11 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ನಾಲ್ಕನೆಯವನ ಎಲೆ ಒಂದು ಚಿತ್ರದಷ್ಟು ತಡವಾಗಿ ನೀರಿಗೆ ಬಿದ್ದರೆ, ಉಳಿದ ಮೂವರು ಆಗಲೇ ಓಡಿಸಿದ ದೋಣಿಯನ್ನು ಅವನು ಹಿಂದಿನಿಂದ ಹಿಡಿಯುತ್ತಿದ್ದಾನೆ ಅಂತ ಅರ್ಥ.

ಹೊಸ ನಾಲ್ವರನ್ನು ಕೂರಿಸುವಾಗ ನಡೆಯುವ ಕ್ರಮ ಹೆಚ್ಚೂಕಡಿಮೆ ಹೀಗೆ. ಮೊದಲು ಜೋಡಿ ದೋಣಿಗಳಲ್ಲಿ ಅದಲುಬದಲು ಮಾಡಿ ಯಾರ ಹಿಂದೆ ಯಾರು ಕೂತರೆ ದೋಣಿ ಓಡುತ್ತದೆ ಅಂತ ನೋಡುತ್ತಾರೆ. ಆಮೇಲೆ ಕೆ-4, ಮೊದಲು ನಿಮಿಷಕ್ಕೆ 60–70 ಎಳೆತದಲ್ಲಿ. ಅಲ್ಲೇ ಹೊಂದದ್ದು 120ರಲ್ಲಿ ಹೊಂದುವುದಿಲ್ಲ. ಪಕ್ಕದಲ್ಲಿ ಮೋಟಾರು ದೋಣಿ, ಅದರಿಂದ ಸರಿಯಾಗಿ ಅಡ್ಡಕ್ಕೆ ಚಿತ್ರೀಕರಣ. ಓರೆಯಾಗಿ ತೆಗೆದ ವಿಡಿಯೊ ಸುಳ್ಳು ಹೇಳುತ್ತದೆ, ಹತ್ತಿರದವನು ಮುಂಚೆ ಹಾಕಿದಂತೆ ಕಾಣುತ್ತದೆ. ನೋಡುವುದು ಎರಡೇ ಕ್ಷಣ: ಎಲೆ ನೀರಿಗಿಳಿಯುವುದು, ಎಲೆ ಹೊರಬರುವುದು. ಇಳಿಯುವುದನ್ನು ಎಲ್ಲರೂ ಬೇಗ ಹೊಂದಿಸಿಕೊಳ್ಳುತ್ತಾರೆ. ಹೊರಬರುವಾಗ ಎಡವುತ್ತಾರೆ. ಉದ್ದ ಕೈಯವನು ಹಿಂದಕ್ಕೆ ಎಳೆದುಕೊಂಡೇ ಕೂತರೆ ದೋಣಿಯ ಬಾಲ ತಗ್ಗುತ್ತದೆ.

ಸೀಟುಗಳನ್ನು ಕಂಬಿಯ ಮೇಲೆ ಒಂದೊಂದೇ ಸೆಂಟಿಮೀಟರ್ ಸರಿಸಿ ದೋಣಿ ಮಟ್ಟ ಮಾಡುತ್ತಾರೆ. ಮೂಗು ತಗ್ಗಿದರೆ ಚುಕ್ಕಾಣಿ ಕಚ್ಚುವುದಿಲ್ಲ, ಬಾಲ ತಗ್ಗಿದರೆ ಹಿಂದೆ ನೀರನ್ನು ಎಳೆದುಕೊಂಡು ಹೋಗುತ್ತದೆ. ಸೀಟನ್ನು ಎತ್ತರಿಸಿದರೆ ಎಳೆತಕ್ಕೆ ಬಲ, ಆದರೆ ಓಲಾಟ ಜಾಸ್ತಿ. ಒಬ್ಬನು ಒಂದು ಸೆಂಟಿಮೀಟರ್ ಎತ್ತರಿಸಿಕೊಂಡರೆ ನಾಲ್ವರೂ ಓಲಾಡುತ್ತಾರೆ. ಒಂಟಿ ದೋಣಿಯಿಂದ ಬಂದವರು ಮೊದಲ ವಾರ ಇದಕ್ಕೇ ಜಗಳವಾಡುತ್ತಾರೆ.

ನೀರ್ಕಾಗೆ
ಅಳತೆಗಳೂ ಇರಲಿ: ಕೆ-1 ಗರಿಷ್ಠ ಉದ್ದ 520 ಸೆಂ.ಮೀ., ಕನಿಷ್ಠ ತೂಕ 12 ಕಿಲೊ. ಕೆ-2 650, 18 ಕಿಲೊ. ಕೆ-4 1100, 30 ಕಿಲೊ. ಸ್ಪರ್ಧೆ ಮುಗಿದ ಮೇಲೆ ತೂಕ ಹಾಕುತ್ತಾರೆ, ಕಡಿಮೆ ಬಂದರೆ ಗೆದ್ದದ್ದೂ ಹೋಯಿತು. ನೀರು ಹೀರಿದ ಸ್ಪಂಜಿನ ತೂಕವನ್ನು ನಂಬಿಕೊಂಡು ಕೂರುವಂತಿಲ್ಲ. ಕಡಿಮೆ ಇದ್ದರೆ ತೂಕದ ಬಿಲ್ಲೆಯನ್ನು ದೋಣಿಗೇ ಗಟ್ಟಿಯಾಗಿ ಅಂಟಿಸಿರಬೇಕು.

ಹರಿಗೋಲು
ಈಗ ಕಪಿತಾನ್ ಕಾಲಕ್ಕೆ ಬರೋಣ. ಮೊದಲ ಒಲಿಂಪಿಕ್ಸೇ ಬೀಜಿಂಗ್ 2008. ಕ್ರೀಡೆಗಳಿಗೆ ಮೂರೂವರೆ ವಾರ ಇರುವಾಗ, 15 ಜುಲೈ, ಕೊಲೊನಿಚ್ ಡ್ಯೋರ್ಡ್ ಬುಡಾಪೆಸ್ಟ್‌ನಲ್ಲಿ ತರಬೇತಿಯ ನಡುವೆಯೇ ಕುಸಿದು ತೀರಿಕೊಂಡರು. 36 ವರ್ಷ. ಎರಡು ಒಲಿಂಪಿಕ್ ಚಿನ್ನದ ಕನೂ ದಿಗ್ಗಜ. ಜೋಡಿಯಾಗಿದ್ದವರು ಕೋಜ್ಮನ್ ಡ್ಯೋರ್ಡ್.

ಸಿ-2ರಲ್ಲಿ, ಅಂದರೆ ಇಬ್ಬರ ಕನೂವಿನಲ್ಲಿ, ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಎಳೆಯಬೇಕು. ಹಾಗಾಗಿ ವೇಗದವನು ಯಾರಾದರೂ ಸಾಲದು, ಕೋಜ್ಮನ್‌ಗೆ ಎದುರು ಬದಿಯವನೇ ಬೇಕು, ಆ ಲಯಕ್ಕೆ ಕೆಲವೇ ದಿನಗಳಲ್ಲಿ ಒಗ್ಗುವವನೂ ಆಗಿರಬೇಕು. ಕೂರಿಸಿದ್ದು ಎಳೆಯ ಹುಡುಗ ಕಿಶ್ ತಮಾಶ್‌ನನ್ನು. ಆ ಜೋಡಿ 1000 ಮೀಟರ್‌ನಲ್ಲಿ ಕಂಚು ತಂದಿತು. ಚಿನ್ನ ತಂದದ್ದು ವಯ್ದಾ ಅತ್ತಿಲಾ (ಸಿ-1 1000) ಮತ್ತು ಕೊವಾಚ್ ಕತಲಿನ್–ಯಾನಿಚ್ ನತಾಶಾ ಜೋಡಿ (ಕೆ-2 500). ಆದರೂ ಆ ಕ್ರೀಡೆಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ಕಂಚೇ.

ಇನ್ನೊಂದು ಕಡೆ, ಶ್ಟೋರ್ಟ್ಸ್ ತಾವೇ ಎರಡು ಸಲ ಗೆದ್ದ ಕೆ-4 1000ರಲ್ಲಿ ಪದಕ ಗೆದ್ದದ್ದು ಬೆಲಾರೂಸ್, ಸ್ಲೊವಾಕಿಯಾ, ಜರ್ಮನಿ. ಹಂಗೆರಿಗೆ ಪದಕವೇ ಇಲ್ಲ.

ಒಂಬತ್ತನೇ ಲೇನ್
ಬೀಜಿಂಗ್ ಆದ ಮೇಲೆ ನೆಲವೇ ಸರಿಯಿತು. ಗಂಡಸರ 500 ಮೀಟರ್ ಸ್ಪರ್ಧೆಗಳನ್ನೆಲ್ಲ ತೆಗೆದು ಲಂಡನ್‌ಗೆ 200 ಮೀಟರ್ ತಂದರು. ಹೆಂಗಸರಿಗೆ ಕೆ-1 200 ಸೇರಿತು. ಶ್ಟೋರ್ಟ್ಸ್ ಗೆದ್ದ ಕೆ-2 500 ಪಟ್ಟಿಯಿಂದಲೇ ಹೋಯಿತು.

500 ಮತ್ತು 200 ಹತ್ತಿರದ ನೆಂಟರಲ್ಲ. ಒಂಟಿ ದೋಣಿಯಲ್ಲಿ 1000 ಮೀಟರ್ ಮೂರೂವರೆ ನಿಮಿಷದ ದಮ್ಮಿನ ಆಟ. 500ರಲ್ಲೂ ಅರ್ಧಕ್ಕಿಂತ ಹೆಚ್ಚು ಉಸಿರಿನದ್ದೇ ಪಾಲು. 200 ಅಂದರೆ ಮೂವತ್ತೈದು ಸೆಕೆಂಡ್, ನಿಮಿಷಕ್ಕೆ 150ರ ಆಸುಪಾಸು ಎಳೆತ, ಮೊದಲ ಐದು ಎಳೆತ ಕೆಟ್ಟರೆ ಸರಿಪಡಿಸಿಕೊಳ್ಳಲು ಜಾಗವೇ ಇಲ್ಲ. ಚಿಕ್ಕಂದಿನಿಂದ ಕಿಲೋಮೀಟರುಗಟ್ಟಲೆ ಎಳೆಸಿ ಬೆಳೆಸುವ ಹಂಗೆರಿಯ ಕ್ಲಬ್ಬುಗಳಿಗೆ ಇದು ಅಷ್ಟಾಗಿ ಒಗ್ಗಲಿಲ್ಲ. ಲಂಡನ್, ರಿಯೊ ಎರಡರಲ್ಲೂ ಗಂಡಸರ 200ರಲ್ಲಿ ಒಂದೂ ಪದಕವಿಲ್ಲ. ಟೋಕಿಯೊದಲ್ಲಿ ತೋಟ್ಕಾ ಶಾಂದೋರ್ ಕೆ-1 200 ಚಿನ್ನ ಗೆದ್ದಾಗ ಕಪಿತಾನ್ ಕುರ್ಚಿಯಲ್ಲಿದ್ದವರು ಹ್ಯುಟ್ನರ್ ಚಾಬಾ.

ನೀರ್ಕಾಗೆ
ಅದನ್ನೇ ಹೇಳಬೇಕು ಅಂತಿದ್ದೆ. ರಿಯೊದಲ್ಲಿ ಹಂಗೆರಿಯ ಸ್ಪ್ರಿಂಟ್ ದೋಣಿಗಳಿಗೆ ಬಂದ ಪದಕ ಮೂರೇ. ಮೂರೂ ಚಿನ್ನ, ಮೂರರಲ್ಲೂ ಕೊಜಾಕ್ ಇದ್ದಾರೆ. ಗಂಡಸರದ್ದು ಸೊನ್ನೆ. ಮೂರು ಚಿನ್ನದ ಹೊಳಪಿನಲ್ಲಿ ಇದನ್ನು ಮುಚ್ಚಿಡಬಾರದು.

ಹರಿಗೋಲು
ಒಪ್ಪಿದೆ. ಆದರೆ ಲಂಡನ್ 2012 ಮರೆಯಬೇಡಿ: ಮೂರು ಚಿನ್ನ, ಎರಡು ಬೆಳ್ಳಿ, ಒಂದು ಕಂಚು. ಗಂಡಸರ ಕೆ-2 1000 ಗೆದ್ದವರು ದೊಂಬಿ ರುಡೊಲ್ಫ್ ಮತ್ತು ಕೊಕೇನ್ ರೋಲಂದ್. (ಹೌದು, ಹೆಸರು ದೊಂಬಿಯೇ. ಕನ್ನಡದಲ್ಲಿ ಓದಿದರೆ ಗಲಾಟೆಯವರು ಅನ್ನಿಸುತ್ತೆ, ಎಳೆತ ಮಾತ್ರ ಶಿಸ್ತು.) ಪೋರ್ಚುಗಲ್ ಮೇಲೆ ಅಂತರ 53 ಮಿಲಿಸೆಕೆಂಡ್. ಚುಕ್ಕಾಣಿಯವರ ಲೆಕ್ಕದಲ್ಲಿ ಎರಡೂವರೆ ಚಿತ್ರ!

ಗಂಡಸರ ಕೆ-4ರಲ್ಲಿ ಬೆಳ್ಳಿ. ಆ ದೋಣಿಯಲ್ಲಿ ಕೂತಿದ್ದವರಲ್ಲಿ ಒಬ್ಬರು ಯಾರು ಗೊತ್ತೇ, ಅದೇ ಕಮ್ಮೆರೆರ್. ಎಂಟು ವರ್ಷದ ಹಿಂದೆ ಒಂದೇ ದೋಣಿಯಲ್ಲಿ ಚಿನ್ನ ಗೆದ್ದವರಲ್ಲಿ ಒಬ್ಬರು ದಡದಲ್ಲಿ, ಇನ್ನೊಬ್ಬರು ಇನ್ನೂ ನೀರಲ್ಲಿ.

ಚುಕ್ಕಾಣಿ
ನನಗೆ ಶ್ಟೋರ್ಟ್ಸ್ ಕಾಲದ ನಿಜವಾದ ಕೆಲಸ ಕಾಣುವುದು ಹೆಂಗಸರ ಕೆ-4 500ರಲ್ಲಿ. 1996, 2000, 2004, 2008, ನಾಲ್ಕು ಒಲಿಂಪಿಕ್ಸ್ ಸತತವಾಗಿ ಜರ್ಮನಿ ಗೆದ್ದಿತ್ತು. ಹಂಗೆರಿಗೆ ಕೊನೆಯ ಮೂರರಲ್ಲೂ ಬೆಳ್ಳಿ. ಬೀಜಿಂಗ್ ದೋಣಿಯಲ್ಲಿ ಕೊವಾಚ್, ಯಾನಿಚ್, ಕೊಜಾಕ್, ಸಾಬೋ ಗಬ್ರಿಯೆಲ್ಲಾ ಇದ್ದರು. ಒಂದೊಂದು ಹೆಸರೂ ಚಿನ್ನದ ತೂಕದ್ದು, ಆದರೂ ಸೋಲು. ಲಂಡನ್‌ನಲ್ಲಿ ಯಾನಿಚ್ ಕೆ-1 200 ಮತ್ತು ಕೆ-2ಕ್ಕೆ ಹೋದರು, ಕೆ-4ಕ್ಕೆ ಫಜೆಕಶ್ ಕ್ರಿಸ್ಟಿನಾ ಬಂದರು. ಹೆಸರಿನ ಲೆಕ್ಕದಲ್ಲಿ ದೋಣಿ ಹಗುರವಾಯಿತು, ಓಟದಲ್ಲಿ ಚಿನ್ನ ಬಂತು. ರಿಯೊದಲ್ಲೂ, ಟೋಕಿಯೊದಲ್ಲೂ ಅದೇ ಚಿನ್ನ ಉಳಿಯಿತು.

ಸಿಡ್ನಿಯ ದೋಣಿಯ ನೆನಪು ಬರುವುದು ರಿಯೊದಲ್ಲಿ. ಕೊಜಾಕ್ ಆಗ ಒಂಟಿ ದೋಣಿಯ ಒಲಿಂಪಿಕ್ ಚಾಂಪಿಯನ್, ಆದರೆ ಕೆ-2ರಲ್ಲೂ ಕೆ-4ರಲ್ಲೂ ಮುಂದೆ ಕೂತದ್ದು ಸಾಬೋ. ವೆರೆಟ್ಸ್ಕೆಯ್ ಹಿಂದೆ, ಕಮ್ಮೆರೆರ್ ಮುಂದೆ ಕೂತ ಹಾಗೇ.

ದಂಡೆಮೇಲೆ
ಒಬ್ಬರೇ ಮೂರು ಸ್ಪರ್ಧೆ ಅಂದರೆ ಎಷ್ಟು ಸಲ ನೀರಿಗಿಳಿಯಬೇಕು?

ನೀರ್ಕಾಗೆ
ರಿಯೊದಲ್ಲಿ ಆರು ದಿನ. ಕೆ-2 ಫೈನಲ್ 16 ಆಗಸ್ಟ್, ಕೆ-1 ಫೈನಲ್ 18, ಕೆ-4 ಫೈನಲ್ 20. ಪ್ರತಿ ಫೈನಲ್‌ನ ಹಿಂದಿನ ದಿನ ಅರ್ಹತಾ ಸುತ್ತುಗಳು, ಅಂದರೆ ಬಿಡುವಿನ ದಿನ ಅಂತ ಒಂದೂ ಇಲ್ಲ. ಕೆಲಸ ಇರುವುದು ಸ್ಪರ್ಧೆಯ ನಂತರದ ಅರ್ಧ ಗಂಟೆಯಲ್ಲಿ: ಪದಕದ ಕಟ್ಟೆ, ಉದ್ದೀಪನ ಪರೀಕ್ಷೆ, ಪತ್ರಕರ್ತರು ಅಂತ ನಿಂತುಬಿಟ್ಟರೆ ಸ್ನಾಯು ಹಾಗೇ ಬಿಗಿದುಕೊಳ್ಳುತ್ತದೆ. ನಿಧಾನ ಎಳೆತದಲ್ಲಿ ಒಂದೆರಡು ಕಿಲೋಮೀಟರ್ ಹೋಗಿ ಬಂದರೆ ಮರುದಿನದ ಕೈ ಬೇರೆಯೇ ಇರುತ್ತದೆ. ಒಂದೇ ಕ್ರೀಡೆಗಳಲ್ಲಿ ಕೆ-1, ಕೆ-2, ಕೆ-4 ಮೂರನ್ನೂ ಗೆದ್ದ ಮೊದಲ ಹೆಂಗಸು ಕೊಜಾಕ್. ಇದನ್ನು ಹೊಂದಿಸುವಾಗ, ಸಿಡ್ನಿಯಲ್ಲಿ ಇಪ್ಪತ್ತನಾಲ್ಕು ಗಂಟೆಗೆ ಎರಡು ಫೈನಲ್ ಎಳೆದವರು ಪಕ್ಕದಲ್ಲಿದ್ದದ್ದು ಉಪಯೋಗವಾಗದೆ ಇದ್ದೀತೇ.

ಒಂಬತ್ತನೇ ಲೇನ್
ಉಪಯೋಗವಾಗಿರಬಹುದು, ಆದರೆ ಎಲ್ಲ ಶ್ರೇಯಸ್ಸೂ ಕಪಿತಾನ್ ತಲೆಗೆ ಕಟ್ಟಬೇಡಿ. ಕೊವಾಚ್–ಯಾನಿಚ್ ಜೋಡಿಯನ್ನು ಬೆಳೆಸಿದ ರೋಜ್ನ್ಯೋಯ್ ಕತಲಿನ್ ಅವರನ್ನೇ ತೆಗೆದುಕೊಳ್ಳಿ. 1968ರ ಮೆಕ್ಸಿಕೊದಲ್ಲಿ ಫೆಫೆರ್ ಅನ್ನಾ ಜೊತೆ ಕೆ-2 ಬೆಳ್ಳಿ ಗೆದ್ದವರು, ಆಮೇಲೆ ಕೋಚ್ ಆಗಿ ಒಂದು ಪೀಳಿಗೆಯನ್ನೇ ಕಟ್ಟಿದವರು. ಚಿಪೆಶ್ ಫೆರೆಂಟ್ಸ್ ಇನ್ನೊಬ್ಬರು: 1988ರ ಸೋಲ್‌ನಲ್ಲಿ ಕೆ-4 1000 ಚಿನ್ನ, ಮಗಳು ಚಿಪೆಶ್ ತಮಾರಾ ರಿಯೊ ಮತ್ತು ಟೋಕಿಯೊದ ಕೆ-4 ಚಿನ್ನದ ದೋಣಿಯಲ್ಲಿ. ಹುಟ್ಟು ಇಟ್ಟವರು ಸ್ಟಾಪ್‌ವಾಚ್ ಹಿಡಿಯುವುದು ಅಲ್ಲಿ ವಿಶೇಷವೇ ಅಲ್ಲ.

ದಂಡೆಮೇಲೆ
ಕೊನೆಯದಾಗಿ: ಶ್ಟೋರ್ಟ್ಸ್ ಗೆದ್ದ ಎರಡು ಸ್ಪರ್ಧೆಗಳೂ ಈಗ ಒಲಿಂಪಿಕ್ಸ್‌ನಲ್ಲಿ ಇಲ್ಲ ಅಲ್ವಾ?

ನೀರ್ಕಾಗೆ
ಅರ್ಧ ಸರಿ. ಗಂಡಸರ ಕೆ-4 1000 ರಿಯೊಗೇ ಕೊನೆ, ಟೋಕಿಯೊದಿಂದ ಅದು 500 ಮೀಟರ್ ಆಯಿತು. ಆದರೆ ಗಂಡಸರ ಕೆ-2 500 ಪ್ಯಾರಿಸ್ 2024ರಲ್ಲಿ ವಾಪಸ್ ಬಂತು. ಚಿನ್ನ ಜರ್ಮನಿಗೆ, ಬೆಳ್ಳಿ ಹಂಗೆರಿಯ ನಾದಶ್ ಬೆಂಟ್ಸೆ–ತೋಟ್ಕಾ ಜೋಡಿಗೆ.

ಚುಕ್ಕಾಣಿ
ಕೆ-4 500 ಆದ ಮೇಲೆ ಮುಂದಿನ ಸೀಟಿನ ಲೆಕ್ಕವೂ ಬದಲಾಗಿದೆ. ಎಂಬತ್ತು ಸೆಕೆಂಡಿನ ಆಸುಪಾಸಿನ ಸ್ಪರ್ಧೆಯಲ್ಲಿ ಗಡಿಯಾರದ ಲಯವಷ್ಟೇ ಸಾಲದು, ಮುಂದೆ ಕೂತವನೇ ಸಿಡಿಯಬೇಕು. ಟೋಕಿಯೊದಲ್ಲಿ ಗಂಡಸರ ಕೆ-4 ಗೆದ್ದ ಜರ್ಮನಿಯವರು ಆರಂಭದ ನೂರು ಮೀಟರ್ ಹೇಗೆ ಎಳೆದರು ಅಂತ ಬಿಡಿಸಿ ನೋಡುವುದಿದ್ದರೆ ಅದಕ್ಕೆ ಬೇರೆ ಎಳೆ ತೆಗೆಯೋಣ. ಈ ಎಳೆ ಶ್ಟೋರ್ಟ್ಸ್‌ದೇ ಇರಲಿ.